ಸೋರದ ಬುಲೆಟ್ಟಿನಲ್ಲಿ ಎಣ್ಣೆಯೇ ಇಲ್ಲವೇ?

ಹಳೆಯ ಬುಲೆಟ್ ಇಟ್ಟುಕೊಂಡವರ ಬಾಯಲ್ಲಿ ಸದಾ ಕೇಳಿಬರುವ ಮಾತೊಂದಿದೆ: "ಬುಲೆಟ್ ಕೆಳಗೆ ಆಯಿಲ್ ಬಿದ್ದಿಲ್ಲ ಅಂದ್ರೆ ಒಳಗೆ ಆಯಿಲ್ ಇಲ್ಲ ಅಂತ ತಿಳ್ಕೋ." ನಗುನಗುತ್ತಾ ಹೇಳುವ ಮಾತೇನೋ ಹೌದು, ಆದರೆ ಇದನ್ನು ನಂಬಿ ಹಾಳು ಮಾಡಿಕೊಂಡ ಎಂಜಿನ್‌ಗಳಿಗೆ ಲೆಕ್ಕವಿಲ್ಲ. ಬೋರ್ ಮಾಡಿಸಿ, ಹೊಸ ಪಿಸ್ಟನ್ ಕೂರಿಸಿ, ಕ್ರ್ಯಾಂಕ್ ಬಿಚ್ಚಿ ಬೇರಿಂಗ್ ಬದಲಿಸಿ, ಪ್ಯಾಕಿಂಗ್ ಸೆಟ್ ಪೂರ್ತಿ ಹೊಸದು ಹಾಕಿದ ಗಾಡಿ ಮನೆಗೆ ಬಂದ ವಾರದೊಳಗೇ ಅಂಗಳದಲ್ಲಿ ಕಪ್ಪು ಮಚ್ಚೆ ಬೀಳಿಸುತ್ತದೆ. ಕೇಳಿದರೆ "ಹಳೇ ಗಾಡಿ ಸಾರ್, ಅದು ಹಂಗೇನೇ" ಎಂಬ ಉತ್ತರ. ಮಾಲೀಕರು ಕೆಳಗೊಂದು ರಟ್ಟಿನ ತುಂಡು ಹಾಸಿ ಸುಮ್ಮನಾಗುತ್ತಾರೆ. ಸುಮ್ಮನಾಗಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೊಸದಾಗಿ ಕಟ್ಟಿದ ಎಂಜಿನ್ ಎಣ್ಣೆ ಸೋರಿಸಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಹುಡುಕಿದರೆ ಸಿಗುತ್ತದೆ. ಎಷ್ಟೋ ಸಲ ಆ ಕಾರಣ ನಾವು ಪೇಸ್ಟ್ ಬಳಿಯುವ ಜಾಗದಲ್ಲಿ ಇರುವುದೇ ಇಲ್ಲ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಕಾಸ್ಟ್ ಐರನ್ ಬುಲೆಟ್ 350ರ ಬಗ್ಗೆ. ಇಂಗ್ಲೆಂಡಿನ ರೆಡಿಚ್‌ನಲ್ಲಿ ಹುಟ್ಟಿದ ಎಂಜಿನ್ ಇದು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದ ಮೇಲೆ ನಮ್ಮದೇ ಆಗಿಹೋಯಿತು. ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ., ಒಟ್ಟು 346 ಸಿಸಿ. ಮೈಸೂರಿನ ಜಾವಾ, ಯೆಜ್ಡಿಗಳ ಸೋರಿಕೆಯ ರೀತಿಯೇ ಬೇರೆ, ಅವುಗಳ ಮಾತು ಕೊನೆಗೆ.

"ವಿನ್ಯಾಸವೇ ಹಾಗೆ, ಸೋರದೆ ಇರದು"

ಈ ನಂಬಿಕೆಗೆ ಕೊಡುವ ಕಾರಣ ಕೇಳಲು ಚೆನ್ನಾಗಿಯೇ ಇದೆ. ಹಳೆಯ ಬ್ರಿಟಿಷ್ ಎಂಜಿನ್ನಿನ ಚೇಂಬರ್ (ಕ್ರ್ಯಾಂಕ್‌ಕೇಸ್) ಎಡ-ಬಲ ಎಂದು ಎರಡು ಹೋಳು, ಕೂಡುವ ಗೆರೆ ನೆಟ್ಟಗೆ ತಳದವರೆಗೂ ಇಳಿದು ಎಣ್ಣೆಯಲ್ಲೇ ನೆನೆಯುತ್ತಿರುತ್ತದೆ. 1969ರಲ್ಲಿ ಬಂದ ಹೋಂಡಾ ಸಿಬಿ 750ರಂಥ ಜಪಾನಿ ಎಂಜಿನ್ ಮೇಲೆ-ಕೆಳಗೆ ಹೋಳಾಗುತ್ತದೆ, ಗೆರೆ ಎಣ್ಣೆಯ ಮಟ್ಟಕ್ಕಿಂತ ಮೇಲಿರುತ್ತದೆ, ಅದಕ್ಕೇ ಅದು ಸೋರುವುದಿಲ್ಲ ಎನ್ನುತ್ತಾರೆ. ಹಾಗಾದರೆ ನಮ್ಮ ಬೀದಿಬೀದಿಯಲ್ಲಿರುವ ಸ್ಪ್ಲೆಂಡರನ್ನು ನೋಡಿ. ಅದರ ಚೇಂಬರ್ ಕೂಡ ಎಡ-ಬಲ ಹೋಳೇ. ಎಷ್ಟು ಸ್ಪ್ಲೆಂಡರ್‌ಗಳ ಕೆಳಗೆ ಎಣ್ಣೆ ಬಿದ್ದದ್ದನ್ನು ಕಂಡಿದ್ದೀರಿ?

ವ್ಯತ್ಯಾಸ ಇರುವುದು ಎರಡು ಕಡೆ. ಕೂಡುವ ಮುಖಗಳು ಎಷ್ಟು ಸಪಾಟಾಗಿವೆ ಎಂಬುದು ಒಂದು. ಎಂಜಿನ್ ಉಸಿರಾಡುತ್ತಿದೆಯೇ ಎಂಬುದು ಇನ್ನೊಂದು. ಎರಡನೆಯದನ್ನು ಕೇಳುವವರೇ ಕಡಿಮೆ, ಆದರೆ ನನ್ನ ಮಟ್ಟಿಗೆ ಮೊದಲು ನೋಡಬೇಕಾದ್ದು ಅದನ್ನೇ.

ಪಿಸ್ಟನ್ ಒಮ್ಮೆ ಕೆಳಗಿಳಿದರೆ ಅದರಡಿಯ ಗಾಳಿಗೆ 346 ಸಿಸಿಯಷ್ಟು ಜಾಗ ಕಡಿಮೆಯಾಗುತ್ತದೆ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಇದು ಸೆಕೆಂಡಿಗೆ 50 ಸಲ ನಡೆಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಎರಡು ಪಿಸ್ಟನ್ ಇಳಿಯುವಾಗ ಎರಡು ಏರುತ್ತವೆ, ಗಾಳಿ ಒಳಗೊಳಗೇ ಅತ್ತಿಂದಿತ್ತ ಸರಿಯುತ್ತದೆ. ಒಂಟಿ ಸಿಲಿಂಡರಿಗೆ ಆ ಅನುಕೂಲ ಇಲ್ಲ. ಆ ಗಾಳಿ ಹೊರಗೆ ಹೋಗಲೇಬೇಕು. ಅದಕ್ಕಾಗಿಯೇ ಬ್ರೀದರ್ ಇರುವುದು. ಒಳಗಿನ ಗಾಳಿಯನ್ನು ಹೊರಗೆ ಬಿಟ್ಟು, ಹೊರಗಿನದನ್ನು ಒಳಗೆ ಬಿಡದ ಒಮ್ಮುಖ ಕವಾಟ ಅದು. ಇದು ಸರಿಯಾಗಿ ಕೆಲಸ ಮಾಡಿದರೆ ಚೇಂಬರಿನೊಳಗಿನ ಸರಾಸರಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ. ಆಗ ತುಸು ಸಡಿಲವಾದ ಜೋಡಣೆಯಲ್ಲೂ ಎಣ್ಣೆ ಹೊರಬರುವ ಬದಲು ಒಳಕ್ಕೇ ಸೆಳೆಯಲ್ಪಡುತ್ತದೆ. ಕವಾಟ ಕಟ್ಟಿಕೊಂಡರೆ ಎಷ್ಟೇ ಒಳ್ಳೆಯ ಪ್ಯಾಕಿಂಗ್ ಹಾಕಿದರೂ ಎಣ್ಣೆ ದಾರಿ ಮಾಡಿಕೊಂಡು ಹೊರಬರುತ್ತದೆ.

ಎಂಜಿನ್ ಕೆಲಸ ಆದ ಮೇಲೆ ಬ್ರೀದರ್ ಕೆಡಲು ಕಾರಣಗಳು ಬೇಕಾದಷ್ಟಿವೆ. ಚೇಂಬರಿಗೆ ಬಣ್ಣ ಹೊಡೆಸುವಾಗ ತೂತಿನೊಳಗೆ ಬಣ್ಣ ಸೇರಿರುತ್ತದೆ. ಹೊಸ ರಬ್ಬರ್ ಪೈಪು ಬ್ಯಾಟರಿ ಡಬ್ಬಿಯ ಹಿಂದೆ ಮಡಚಿ ಸಿಕ್ಕಿಕೊಂಡಿರುತ್ತದೆ. ಇಲ್ಲವೇ ಸಿಕ್ಕ ಯಾವುದೋ ಸಣ್ಣ ಪೈಪು ಹಾಕಿರುತ್ತಾರೆ. ಹಳೆಯ ರಬ್ಬರ್ ಕವಾಟವನ್ನೇ ಒರೆಸಿ ಮತ್ತೆ ಹಾಕಿರುವುದೂ ಉಂಟು. ವರ್ಷಗಟ್ಟಲೆ ಬಿಸಿ ಎಣ್ಣೆಯ ಹಬೆ ತಿಂದ ಆ ರಬ್ಬರಿನ ತುಟಿ ಗಡುಸಾಗಿ ಅರೆತೆರೆದೇ ನಿಂತಿರುತ್ತದೆ. ಅದನ್ನು ಬಿಚ್ಚಿ, ಒರೆಸಿ, ಎಂಜಿನ್ ಕಡೆಯಿಂದ ಊದಿ ನೋಡಿ, ಗಾಳಿ ಸರಾಗ ಹೋಗಬೇಕು. ಅದೇ ಕಡೆಯಿಂದ ಹೀರಿದರೆ ತುಟಿ ಕಚ್ಚಿಕೊಳ್ಳಬೇಕು. ಕಚ್ಚಿಕೊಳ್ಳದಿದ್ದರೆ ಹೊಸದು ಹಾಕಿ.

ಸೋರಿಕೆಗೆ ಬ್ರೀದರೇ ಕಾರಣವೆಂಬುದಕ್ಕೆ ಗುರುತುಗಳಿವೆ. ಒಂದೇ ಕಡೆ ಅಲ್ಲದೆ ಎರಡು ಮೂರು ಕಡೆ ಒಟ್ಟಿಗೇ ಜಿನುಗು ಶುರುವಾಗಿರುತ್ತದೆ. ಊರೊಳಗೆ ಓಡಿಸುವಾಗ ಏನೂ ಇಲ್ಲ, ಹೈವೇಯಲ್ಲಿ ಅರ್ಧ ಗಂಟೆ ಹೋಗಿ ಬಂದರೆ ಎಂಜಿನ್ ಎಣ್ಣೆಮಯ. ಪಾಯಿಂಟ್ ಡಬ್ಬಿ ತೆರೆದರೆ ಒಳಗೆಲ್ಲ ಎಣ್ಣೆಯ ಪಸೆ. ಇಷ್ಟು ಕಂಡರೆ ಎಂಜಿನ್ ಬಿಚ್ಚುವ ಮಾತು ಸದ್ಯಕ್ಕೆ ಬೇಡ.

"ತೊಟ್ಟಿಕ್ಕುವಲ್ಲೇ ಲೀಕ್ ಇದೆ"

ಎಣ್ಣೆ ಕೆಳಕ್ಕೆ ಹರಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹೋಗುತ್ತದೆ. ತೊಟ್ಟು ಬೀಳುವ ಜಾಗ ಅದರ ಪಯಣದ ಕೊನೆ. ಹೆಡ್ಡಿನ ರಾಕರ್ ಪೈಪಿನ ಬೋಲ್ಟಿನಲ್ಲಿ ಜಿನುಗಿದ ಎಣ್ಣೆ ಸಿಲಿಂಡರಿನ ರೆಕ್ಕೆಗಳ ನಡುವೆ ಇಳಿದು, ಟಾಪೆಟ್ ಕವರ್ ಸುತ್ತಿ, ಚೇಂಬರಿನ ತಳದ ಡ್ರೈನ್ ಬೋಲ್ಟಿನ ತುದಿಯಲ್ಲಿ ಹನಿಯಾಗುತ್ತದೆ. ಪಾಪ, ಆ ಡ್ರೈನ್ ಬೋಲ್ಟನ್ನು ಬಿಗಿ ಮಾಡಿ ಮಾಡಿ ಥ್ರೆಡ್ ಹಾಳು ಮಾಡಿರುತ್ತಾರೆ. ಒದ್ದೆ ಇರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೆಂದು ನೋಡಬೇಕು. ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಎಲ್ಲವೂ ಎಡಕ್ಕೆ ಹರಿದು ದಾರಿ ತಪ್ಪಿಸುತ್ತದೆ. ಪರೀಕ್ಷೆಗೆ ನಡುವಿನ ಸ್ಟ್ಯಾಂಡೇ ಬೇಕು.

ಹುಡುಕುವ ಕೆಲಸ ತಾಳ್ಮೆಯದು, ಕಷ್ಟದ್ದೇನಲ್ಲ. ಎಂಜಿನ್ನನ್ನು ಸೀಮೆಎಣ್ಣೆ ಹಾಕಿ ಬ್ರಷ್‌ನಿಂದ ಉಜ್ಜಿ, ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ. ರೆಕ್ಕೆಗಳ ಸಂದಿ, ಬೋಲ್ಟಿನ ತಲೆಯ ಸುತ್ತ ಹಳೆಯ ಜಿಡ್ಡು ಒಂದಿಷ್ಟೂ ಉಳಿಯಬಾರದು. ಉಳಿದರೆ ಬಿಸಿಗೆ ಅದೇ ಕರಗಿ ಹೊಸ ಲೀಕಿನ ಹಾಗೆ ಕಾಣುತ್ತದೆ. ಆಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ಬಟ್ಟೆಯಲ್ಲಿ ಕಟ್ಟಿ, ಎಂಜಿನ್ ಮೇಲೆಲ್ಲ ತೆಳುವಾಗಿ ತಟ್ಟಿ. ಗಾಡಿ ಸ್ಟಾರ್ಟ್ ಮಾಡಿ, ನಿಂತಲ್ಲೇ ಐದು ನಿಮಿಷ ಬಿಟ್ಟು ಟಾರ್ಚ್ ಹಿಡಿದು ನೋಡಿ. ಬಿಳಿಯ ಮೇಲೆ ಸೂಜಿ ಮೊನೆಯಷ್ಟು ಕಂದು ಚುಕ್ಕೆ ಮೂಡಿ, ಅಲ್ಲಿಂದ ಕೆಳಕ್ಕೆ ಗೆರೆ ಎಳೆಯುತ್ತದೆ. ಗೆರೆಯ ಮೇಲಿನ ತುದಿಯೇ ನಮಗೆ ಬೇಕಾದ ಜಾಗ. ಏನೂ ಕಾಣದಿದ್ದರೆ ಒಂದು ಸಣ್ಣ ಸುತ್ತು ಹೋಗಿ ಬಂದು ನೋಡಿ, ಆಮೇಲೆ ದೊಡ್ಡ ಸುತ್ತು. ಒಂದೇ ಸಲಕ್ಕೆ ಐವತ್ತು ಕಿಲೋಮೀಟರ್ ಓಡಿಸಿ ಬಂದರೆ ಗಾಳಿಗೆ ಎಣ್ಣೆ ಎಲ್ಲೆಡೆ ಹರಡಿ ಗುರುತು ಅಳಿಸಿಹೋಗುತ್ತದೆ. ಎಣ್ಣೆಗೆ ಬೆರೆಸುವ ಹೊಳೆಯುವ ಬಣ್ಣ, ಅದನ್ನು ತೋರಿಸುವ ನೇರಳಾತೀತ ಟಾರ್ಚ್ ಈಗ ಸಿಗುತ್ತವೆ. ಕತ್ತಲೆಯಲ್ಲಿ ಹಳದಿ-ಹಸಿರಾಗಿ ಹೊಳೆಯುವ ಆ ಗೆರೆಯನ್ನು ಹಿಂಬಾಲಿಸುವುದು ಸುಲಭ.

ಅದಕ್ಕೂ ಮೊದಲು ಬಿದ್ದಿರುವುದು ಯಾವ ಎಣ್ಣೆ ಎಂದು ತಿಳಿಯಬೇಕು. ಹಳೆಯ ಬುಲೆಟ್ಟಿನಲ್ಲಿ ಎಂಜಿನ್, ಪ್ರೈಮರಿ ಚೈನ್ ಕೇಸ್, ಗೇರ್‌ಬಾಕ್ಸ್ ಮೂರಕ್ಕೂ ಎಣ್ಣೆ ಬೇರೆ ಬೇರೆ. ಬೆರಳಿಗೆ ಹಚ್ಚಿ ಮೂಸಿ ನೋಡಿ. ಗೇರ್ ಎಣ್ಣೆಗೆ ಗಂಧಕದ ಗಾಢ ವಾಸನೆ ಇರುತ್ತದೆ. ಎಂಜಿನ್ ಎಣ್ಣೆ ಬೇಗ ಕಪ್ಪಾಗುತ್ತದೆ. ಎಡಗಡೆಯ ಪ್ರೈಮರಿ ಕೇಸಿನ ಎಣ್ಣೆ ಅಷ್ಟು ಬೇಗ ಕಪ್ಪಾಗುವುದಿಲ್ಲ, ಕ್ಲಚ್ ಪ್ಲೇಟು ಸವೆದ ಪುಡಿ ಮಾತ್ರ ಅದರಲ್ಲಿ ಕಾಣಬಹುದು. ಪ್ರೈಮರಿಯಲ್ಲಿ ಎಣ್ಣೆ ಕಡಿಮೆಯಾಗುವ ಬದಲು ಹೆಚ್ಚುತ್ತಿದ್ದರೆ ಎಂಜಿನ್ ಎಣ್ಣೆ ಕ್ರ್ಯಾಂಕಿನ ಎಡಗಡೆಯ ಸೀಲ್ ದಾಟಿ ಅಲ್ಲಿಗೆ ಬರುತ್ತಿದೆ ಎಂದರ್ಥ. ಹೊರಗೆ ಪ್ರೈಮರಿ ಲೀಕಿನಂತೆ ಕಾಣುವ ಎಷ್ಟೋ ಲೀಕುಗಳ ಮೂಲ ಇದು.

"ಪೇಸ್ಟ್ ಧಾರಾಳ ಹಾಕಿ, ನಟ್ಟು ಚೆನ್ನಾಗಿ ಬಿಗಿ ಮಾಡಿ"

ಎಂಜಿನ್ನನ್ನು ನಿಜವಾಗಿ ಕೊಲ್ಲುವ ನಂಬಿಕೆ ಇದು. ಸಿಲಿಕೋನ್ ಪೇಸ್ಟನ್ನು ದಪ್ಪಗೆ ಬಳಿದು ಕವರ್ ಬಿಗಿ ಮಾಡಿದಾಗ ಹೊರಗೆ ಎಷ್ಟು ಹಿಂಡಿಕೊಂಡು ಬಂತೋ ಒಳಗೂ ಅಷ್ಟೇ ಹಿಂಡಿಕೊಂಡು ಹೋಗಿರುತ್ತದೆ. ಹೊರಗಿನದನ್ನು ಬೆರಳಲ್ಲಿ ಒರೆಸುತ್ತೇವೆ, ಒಳಗಿನದು ಎಣ್ಣೆಯಲ್ಲಿ ಕಿತ್ತುಬಂದು ತೇಲುತ್ತದೆ. ಬುಲೆಟ್ಟಿನ ಬಲಗಡೆಯ ಟೈಮಿಂಗ್ ಕವರಿನೊಳಗೇ ಎಣ್ಣೆಯ ಎರಡು ಪಂಪುಗಳೂ ಇವೆ, ಕ್ರ್ಯಾಂಕಿಗೆ ಎಣ್ಣೆ ಹೋಗುವ ಸಣ್ಣ ದಾರಿಯೂ ಆ ಕವರ್ ಮೂಲಕವೇ. ಅಲ್ಲಿ ಒಂದು ಪೇಸ್ಟಿನ ಚೂರು ಸಿಕ್ಕಿಕೊಂಡರೆ ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಬೇರಿಂಗ್) ಒಣಗುತ್ತದೆ. ನೆಲದ ಮೇಲಿನ ಒಂದು ಮಚ್ಚೆ ತಪ್ಪಿಸಲು ಹೋಗಿ ಕ್ರ್ಯಾಂಕೇ ಹೋದ ಗಾಡಿಗಳನ್ನು ನೋಡಿದ್ದೇನೆ, ನೋಡಿ ಹೊಟ್ಟೆ ಉರಿದಿದೆ. ಕಾಗದದ ಪ್ಯಾಕಿಂಗ್ ಇರುವ ಕಡೆ ಅದರ ತೂತುಗಳು ಎಣ್ಣೆಯ ದಾರಿಗೆ ಸರಿಯಾಗಿ ಕೂರುತ್ತವೆಯೇ ಎಂದು ಇಟ್ಟು ನೋಡಿ ಹಾಕಿದರೆ ಸಾಕು. ಲೋಹಕ್ಕೆ ಲೋಹ ಕೂಡುವ ಕಡೆ ಪೇಸ್ಟ್ ಬೇಕು ನಿಜ, ಆದರೆ ಅದು ಒಂದು ಪದರದಷ್ಟು ತೆಳುವಿರಲಿ. ಮುಖದ ಮೇಲೆ ಎಣ್ಣೆಯ ಪಸೆ ಇರಬಾರದು. ಬಳಿದ ಮೇಲೆ ಒಂದು ದಿನ ಆರಲು ಬಿಡಬೇಕು. ಬಳಿದ ಅರ್ಧ ಗಂಟೆಗೆ ಎಣ್ಣೆ ತುಂಬಿ ಸ್ಟಾರ್ಟ್ ಮಾಡಿದರೆ ಬಳಿದದ್ದೇ ದಂಡ.

ಬಿಗಿ ಮಾಡುವ ವಿಷಯವೂ ಅಷ್ಟೇ. ಅಲ್ಯುಮಿನಿಯಂ ಕವರನ್ನು ಮತ್ತೆ ಮತ್ತೆ ಬಿಗಿ ಮಾಡಿದರೆ ಸ್ಕ್ರೂ ತೂತಿನ ಸುತ್ತ ಲೋಹ ಉಬ್ಬುತ್ತದೆ, ಎರಡು ಸ್ಕ್ರೂಗಳ ನಡುವೆ ಸಂದಿ ಬಿಡುತ್ತದೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ಸಂದಿ ಮುಚ್ಚುವುದಿಲ್ಲ. ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಇಟ್ಟು, ಎರಡು ಹನಿ ಎಣ್ಣೆ ಬಿಟ್ಟು, ಕವರಿನ ಮುಖವನ್ನು ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಿ ತಿರುಗಿಸಿ ನೋಡಿ. ಸ್ಕ್ರೂ ತೂತುಗಳ ಸುತ್ತ ಮಾತ್ರ ಬೆಳ್ಳಗೆ ಹೊಳೆದು, ಮಿಕ್ಕ ಕಡೆ ಹಳೆಯ ಬೂದು ಬಣ್ಣವೇ ಉಳಿದಿದ್ದರೆ ಕವರ್ ಸೊಟ್ಟಗಾಗಿದೆ. ಮುಖವೆಲ್ಲ ಒಂದೇ ಹೊಳಪಿಗೆ ಬರುವವರೆಗೆ ಉಜ್ಜಿದರೆ ಅರ್ಧ ಕೆಲಸ ಆದಂತೆ.

ಬುಲೆಟ್ಟಿನ ಪ್ರೈಮರಿ ಕವರ್ ಇದಕ್ಕೆ ಒಳ್ಳೆಯ ಉದಾಹರಣೆ. ಅಷ್ಟು ಉದ್ದದ ಕವರಿಗೆ ನಡುವೆ ಒಂದೇ ಒಂದು ನಟ್ಟು. ಸುತ್ತ ರಬ್ಬರ್ ಸೀಲ್ ಇದೆ. ಎಣ್ಣೆ ಬಂತೆಂದು ಆ ನಟ್ಟನ್ನು ಬಿಗಿ ಮಾಡಿದಷ್ಟೂ ಕವರಿನ ನಡು ತಗ್ಗಿ ಅಂಚು ಮೇಲೇಳುತ್ತದೆ, ಲೀಕ್ ಹೆಚ್ಚುತ್ತದೆ. ಒಂದೇ ನಟ್ಟಿನ ಟಾಪೆಟ್ ಕವರಿನದೂ ಇದೇ ಕಥೆ. ಅಂಚನ್ನು ನೇರ ಮಾಡಿ, ಹೊಸ ರಬ್ಬರ್ ಹಾಕಿ, ಹದವಾಗಿ ಬಿಗಿ ಮಾಡಿ. ಕೈ ಹದ ಸಾಲದೆನಿಸಿದರೆ ಟಾರ್ಕ್ ರೆಂಚ್ ಹಿಡಿಯಲು ನಾಚಿಕೆ ಬೇಡ.

ಆದರೆ ಮತ್ತೆ ಬಿಗಿ ಮಾಡಲೇಬೇಕಾದ ಒಂದು ಜಾಗವೂ ಇದೆ, ಅದನ್ನೇ ಬಹಳ ಜನ ಮರೆಯುತ್ತಾರೆ: ಹೆಡ್ಡಿನ ನಟ್ಟುಗಳು. ಸಿಲಿಂಡರ್ ಬೀಡುಕಬ್ಬಿಣ, ಹೆಡ್ ಅಲ್ಯುಮಿನಿಯಂ. ಬಿಸಿಯಾದಾಗ ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮೊದಲ ಸಲ ಚೆನ್ನಾಗಿ ಬಿಸಿಯಾಗಿ ತಣಿದ ಮೇಲೆ ಹೊಸ ಪ್ಯಾಕಿಂಗ್ ಅಮುಕಿಕೊಂಡು ನಟ್ಟು ಸಡಿಲವಾಗಿರುತ್ತದೆ. ಬುಲೆಟ್ಟಿನಲ್ಲಿ ಪುಶ್‌ರಾಡ್ ಓಡಾಡುವ ಸುರಂಗ ಸಿಲಿಂಡರಿನ ಎರಕದೊಳಗೇ ಇರುವುದರಿಂದ, ರಾಕರಿನಿಂದ ಇಳಿಯುವ ಎಣ್ಣೆ ಹೆಡ್ ಪ್ಯಾಕಿಂಗ್ ದಾಟಿಯೇ ಬರಬೇಕು. ಅದಕ್ಕೇ ಬಲಗಡೆ ಹೆಡ್ಡಿನ ಅಂಚಿನಲ್ಲಿ ಜಿನುಗುವುದು. ಎಂಜಿನ್ ಪೂರ್ತಿ ತಣಿದಾಗ ಎದುರುಬದುರು ನಟ್ಟುಗಳನ್ನು ಸರದಿಯಲ್ಲಿ ಬಿಗಿ ಮಾಡಿ, ಆಮೇಲೆ ಟಾಪೆಟ್ ಮತ್ತೆ ಹೊಂದಿಸಿ. ತಣ್ಣಗಿರುವಾಗ ಪುಶ್‌ರಾಡ್ ಬೆರಳಲ್ಲಿ ಸುಲಭವಾಗಿ ತಿರುಗಬೇಕು, ಆದರೆ ಮೇಲೆ-ಕೆಳಗೆ ಅಲ್ಲಾಡಬಾರದು.

ರಾಕರ್ ಪೈಪಿನ ತಾಮ್ರದ ವಾಷರ್‌ಗಳ ಬಗ್ಗೆ ಒಂದು ಮಾತು. ಒಮ್ಮೆ ಅಮುಕಿದ ತಾಮ್ರ ಗಡುಸಾಗುತ್ತದೆ. ಗ್ಯಾಸ್ ಒಲೆಯ ಉರಿಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ನೀರಿಗೆ ಹಾಕಿ ತಣಿಸಿದರೆ ಉಕ್ಕಿನಂತೆ ಗಡುಸಾಗಿಬಿಡುತ್ತದೆ ಎಂದು ಹೆದರುವವರಿದ್ದಾರೆ. ತಾಮ್ರಕ್ಕೆ ಆ ಗುಣ ಇಲ್ಲ.

"ಹೊಸ ಸೀಲ್ ಹಾಕಿದೆ, ಅಲ್ಲಿಂದ ಬರಲು ಸಾಧ್ಯವೇ ಇಲ್ಲ"

ಸಾಧ್ಯ. ಸೀಲಿನ ತುಟಿ ಉಜ್ಜುವ ಶಾಫ್ಟಿನ ಮೇಲೆ ಹಳೆಯ ಸೀಲು ವರ್ಷಗಳಿಂದ ಕೊರೆದ ಗೆರೆ ಇರುತ್ತದೆ. ಉಗುರಿನಿಂದ ಸವರಿದರೆ ತಾಗುತ್ತದೆ. ಹೊಸ ಸೀಲನ್ನು ಅದೇ ಗೆರೆಯ ಮೇಲೆ ಕೂರಿಸಿದರೆ ಪ್ರಯೋಜನವಿಲ್ಲ. ಜಾಗ ಇದ್ದರೆ ಒಂದೆರಡು ಮಿ.ಮೀ. ಒಳಗೆ ಅಥವಾ ಹೊರಗೆ ಕೂರಿಸಬೇಕು, ಇಲ್ಲವಾದರೆ ಶಾಫ್ಟಿಗೆ ತೆಳು ಸ್ಲೀವ್ ಹಾಕಿಸಬೇಕು. ಜೋಡಿಸುವಾಗ ಕೀ ಕೂರುವ ತೋಡಿನ ಅಂಚು, ಥ್ರೆಡ್ಡಿನ ಮೊನೆ ತಾಗಿ ತುಟಿ ಹರಿದಿರಬಹುದು. ಶಾಫ್ಟಿಗೆ ತೆಳು ಟೇಪ್ ಸುತ್ತಿ, ಎಣ್ಣೆ ಹಚ್ಚಿ ದಾಟಿಸಿದರೆ ಆ ಭಯವಿಲ್ಲ. ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಬೇಕು. ತಿರುಗುಮುರುಗು ಕೂರಿಸಿದ ಸೀಲ್ ಎಷ್ಟೇ ಹೊಸದಾದರೂ ಎಣ್ಣೆ ತಡೆಯುವುದಿಲ್ಲ.

"ಗಟ್ಟಿ ಎಣ್ಣೆ ಹಾಕಿದರೆ ನಿಲ್ಲುತ್ತದೆ"

ಹರಿವು ನಿಧಾನವಾಗುತ್ತದೆ, ಕಾರಣ ಹಾಗೇ ಇರುತ್ತದೆ. ಬೆಳಗಿನ ಚಳಿಯಲ್ಲಿ ಗಟ್ಟಿ ಎಣ್ಣೆ ಬಿಗ್ ಎಂಡಿಗೂ ರಾಕರಿಗೂ ತಲುಪುವುದು ತಡವಾಗುತ್ತದೆ. 20ಡಬ್ಲ್ಯು-50 ಈ ಎಂಜಿನ್ನಿಗೆ ಸಾಕು. ಲೀಕ್ ನಿಲ್ಲಿಸುವುದಾಗಿ ಹೇಳಿ ಮಾರುವ ದ್ರವಗಳು ರಬ್ಬರನ್ನು ಉಬ್ಬಿಸಿ ಸ್ವಲ್ಪ ದಿನ ಸಮಾಧಾನ ಕೊಟ್ಟಾವು. ಹರಿದ ಕಾಗದಕ್ಕೂ ಸೊಟ್ಟ ಕವರಿಗೂ ಅವುಗಳಿಂದ ಏನೂ ಆಗದು.

"ಮೊದಲ ಸಾವಿರ ಕಿಲೋಮೀಟರ್ ಮೆಲ್ಲಗೇ ಓಡಿಸಬೇಕು"

ಇದಕ್ಕೂ ಸೋರಿಕೆಗೂ ಸಂಬಂಧ ಇದೆ. ಉರಿದ ಅನಿಲ ರಿಂಗಿನ ಹಿಂದೆ ನುಗ್ಗಿ ಅದನ್ನು ಸಿಲಿಂಡರಿನ ಗೋಡೆಗೆ ಒತ್ತಿದಾಗಲೇ ರಿಂಗ್ ಪಳಗುವುದು. ಎಂಜಿನ್ನಿಗೆ ಭಾರವೇ ಬೀಳದಂತೆ ಒಂದೇ ನಿಧಾನಗತಿಯಲ್ಲಿ ಓಡಿಸುತ್ತಿದ್ದರೆ ಗೋಡೆ ಗಾಜಿನಂತೆ ನುಣುಪಾಗಿ, ರಿಂಗ್ ಕೊನೆಗೂ ಕೂರುವುದಿಲ್ಲ. ಅನಿಲ ಚೇಂಬರಿಗೆ ಇಳಿಯುತ್ತದೆ, ಬ್ರೀದರಿಗೆ ತಾಳಲಾರದಷ್ಟು ಒತ್ತಡ, ಮತ್ತೆ ಎಲ್ಲ ಜೋಡಣೆಗಳಲ್ಲೂ ಎಣ್ಣೆ. ಹೊಸ ಎಂಜಿನ್ನನ್ನು ಕಾಯಿಸಿ ಜಾಮ್ ಮಾಡಬಾರದು ಎಂಬ ಎಚ್ಚರ ಸರಿಯೇ. ಹಾಗೆಂದು ಮುದ್ದು ಮಾಡಿ ಕೆಡಿಸಬಾರದು. ಬಿಸಿಯಾದ ಮೇಲೆ ಆಕ್ಸಿಲರೇಟರ್ ಕೊಟ್ಟು ತುಸು ಎಳೆಸಿ, ಬಿಟ್ಟು, ಮತ್ತೆ ಕೊಟ್ಟು, ವೇಗ ಬದಲಿಸುತ್ತಾ ಓಡಿಸಬೇಕು. ದೊಡ್ಡ ಗೇರಿನಲ್ಲಿ ಏರು ಹತ್ತಿಸಿ ನರಳಿಸುವುದು, ನಿಂತಲ್ಲೇ ಗಂಟೆಗಟ್ಟಲೆ ಆನ್ ಬಿಡುವುದು ಎರಡೂ ಬೇಡ.

ನಿಲ್ಲಿಸಿಟ್ಟ ಗಾಡಿಯ ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಇಳಿದಿದ್ದರೆ ಅದು ಸೋರಿಯೇ ಹೋಗಿದೆ ಎಂದು ತಿಳಿಯುವುದೂ ತಪ್ಪು. ಬುಲೆಟ್ಟಿನ ಎಣ್ಣೆಯ ತೊಟ್ಟಿ ಚೇಂಬರಿನ ಹಿಂಭಾಗದಲ್ಲೇ ಎರಕದೊಳಗಿದೆ. ವಾರಗಟ್ಟಲೆ ನಿಂತರೆ ಎಣ್ಣೆ ಪಂಪ್ ದಾಟಿ ಕ್ರ್ಯಾಂಕಿನ ಕಡೆಗೆ ಜಾರುತ್ತದೆ. ಕಡಿಮೆಯಾಯಿತೆಂದು ಮೇಲಿಂದ ಸುರಿದು ಸ್ಟಾರ್ಟ್ ಮಾಡಿದರೆ ದಟ್ಟ ಹೊಗೆ, ಬ್ರೀದರಿನಿಂದ ಎಣ್ಣೆಯ ಕಾರಂಜಿ. ಮೊದಲು ಕೆಲವು ನಿಮಿಷ ಓಡಿಸಿ, ಪಂಪ್ ಎಣ್ಣೆಯನ್ನು ತೊಟ್ಟಿಗೆ ಮರಳಿಸಿದ ಮೇಲೆ ಅಳೆಯಿರಿ.

"ನೆಲದ ಮೇಲೆ ಹನಿ ಇಲ್ಲ, ಹಾಗಾಗಿ ಲೀಕ್ ಇಲ್ಲ"

ಈ ನಂಬಿಕೆ ಜಾವಾ, ಯೆಜ್ಡಿ ಇರುವವರಿಗೆ ದುಬಾರಿ. 1961ರಿಂದ 1996ರವರೆಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಆ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಚೇಂಬರಿನೊಳಗೆ ಎಣ್ಣೆಯ ಕೊಳ ಇಲ್ಲ. ಪೆಟ್ರೋಲ್ ಮಿಶ್ರಣವೇ ಅಲ್ಲಿಂದ ಹಾದುಹೋಗುತ್ತದೆ. ಪಕ್ಕದಲ್ಲಿ ಗೇರ್‌ಬಾಕ್ಸಿಗೂ ಕ್ಲಚ್ಚಿಗೂ ಸೇರಿ ಒಂದೇ ಎಣ್ಣೆ. ಕ್ರ್ಯಾಂಕಿನ ಎಡ ತುದಿಯ ಸೀಲ್ ಸೋತರೆ ಚೇಂಬರಿನ ಸೆಳೆತಕ್ಕೆ ಗೇರ್ ಎಣ್ಣೆ ಒಳಹೋಗಿ ಉರಿದುಹೋಗುತ್ತದೆ. ನೆಲದಲ್ಲಿ ಹನಿ ಇಲ್ಲ, ಸೈಲೆನ್ಸರಿನಲ್ಲಿ ಮಾತ್ರ ದಟ್ಟ ಹೊಗೆ, ಗೇರ್‌ಬಾಕ್ಸಿನಲ್ಲಿ ಎಣ್ಣೆ ಇಳಿಯುತ್ತಲೇ ಇರುತ್ತದೆ. ಮಿಶ್ರಣದಲ್ಲಿ ಎಣ್ಣೆ ಹೆಚ್ಚಾಯಿತೆಂದು ಕಡಿಮೆ ಮಾಡುವವರಿದ್ದಾರೆ, ಅದು ಪಿಸ್ಟನ್ನಿಗೆ ಅಪಾಯ. ಬಲಗಡೆ ಡೈನಮೋ ಹಿಂದಿನ ಸೀಲ್ ಸೋತರೆ ಇನ್ನೂ ಕೆಟ್ಟದ್ದು. ಅಲ್ಲಿಂದ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾದು ಜಾಮ್ ಆಗುತ್ತದೆ. ಹೊರಗೆ ಬರೀ ಕಣ್ಣಿಗೆ ಕಾಣುವ ಲೀಕ್ ಎಂದರೆ ಕಿಕ್ಕರೂ ಗೇರೂ ಒಂದೇ ಆಗಿರುವ ಆ ಲಿವರಿನ ಶಾಫ್ಟಿನದು. ಅದರಿಂದ ಎಂಜಿನ್ನಿಗೆ ಅಂಥ ಕೇಡಿಲ್ಲ, ಗೇರ್ ಎಣ್ಣೆಯ ಮಟ್ಟ ನೋಡಿಕೊಂಡರೆ ಸಾಕು.

ಯೆಜ್ಡಿಗೆ ಪೌಡರ್ ಪರೀಕ್ಷೆಯಿಂದ ಉಪಯೋಗವಿಲ್ಲ, ಗಾಳಿ ತುಂಬಿ ನೋಡಬೇಕು. ಎರಡು ಸೈಲೆನ್ಸರುಗಳ ಬಾಯನ್ನೂ ಸಿಲಿಂಡರಿನ ಬಳಿಯೇ ರಬ್ಬರಿನಿಂದ ಮುಚ್ಚಿ, ಕಾರ್ಬ್ಯುರೇಟರ್ ಬಿಚ್ಚಿ ಅದು ಕೂರುವ ಬಾಯನ್ನೂ ಮುಚ್ಚಿ. ಪಿಸ್ಟನ್ನನ್ನು ತೀರಾ ಕೆಳಕ್ಕೆ ತನ್ನಿ, ಆಗ ಸ್ಪಾರ್ಕ್ ಪ್ಲಗ್ ತೂತಿನಿಂದ ತುಂಬಿದ ಗಾಳಿ ಚೇಂಬರಿಗೂ ಇಳಿಯುತ್ತದೆ. ಕೈಪಂಪಿನಿಂದ 5–6 ಪಿಎಸ್‌ಐ ಸಾಕು, ಹೆಚ್ಚು ತುಂಬಿದರೆ ಒಳ್ಳೆಯ ಸೀಲೂ ಕಿತ್ತುಬರುತ್ತದೆ. ಮಾಪಕದ ಮುಳ್ಳು ಕೆಲವು ನಿಮಿಷ ನಿಂತಲ್ಲೇ ನಿಂತರೆ ಎಂಜಿನ್ ಗಟ್ಟಿ. ಇಳಿದರೆ ಬ್ರಷ್‌ನಿಂದ ಸೋಪಿನ ನೀರು ಹಚ್ಚುತ್ತಾ ಬನ್ನಿ. ಸಿಲಿಂಡರಿನ ಬುಡದಲ್ಲಿ ಗುಳ್ಳೆ ಎದ್ದರೆ ಪ್ಯಾಕಿಂಗ್, ಡೈನಮೋ ಬಿಚ್ಚಿದ ಜಾಗದಲ್ಲಿ ಎದ್ದರೆ ಬಲಗಡೆಯ ಸೀಲ್. ಗೇರ್‌ಬಾಕ್ಸಿಗೆ ಎಣ್ಣೆ ಹಾಕುವ ತೂತಿನ ಮೇಲೆ ಸೋಪಿನ ಪೊರೆ ಉಬ್ಬಿದರೆ ಕ್ಲಚ್ ಬಿಚ್ಚಿ ಎಡಗಡೆಯ ಸೀಲ್ ಬದಲಿಸಬೇಕು.